ಕ್ಲೈಂಟ್ ಕೆಲಸಕ್ಕೆ ವೆಬ್‌ಫ್ಲೋ ಸಿಎಂಎಸ್ ಆಗುತ್ತಾ?

ಪ್ರಶ್ನೆ (ಬಸವನಗುಡಿ)
ನಾನು ಒಬ್ಬಳೇ ಸೈಟ್ ಮಾಡಿಕೊಡುತ್ತೇನೆ. ಈಗ ಜಯನಗರದ ಒಂದು ಸೀರೆ ಅಂಗಡಿ, ಒಂದು ಸಂಗೀತ ಶಾಲೆ ಕೈಯಲ್ಲಿವೆ. ಫೋಟೊ, ಸುದ್ದಿ ಅವರೇ ಹಾಕಿಕೊಳ್ಳಬೇಕು, ಕನ್ನಡದಲ್ಲೂ ಬೇಕು. ಅದಕ್ಕೆ ಸಿಎಂಎಸ್, ಅಂದರೆ ಕೋಡ್ ಮುಟ್ಟದೆ ಸೈಟಿನ ವಿಷಯ ಬದಲಿಸುವ ವ್ಯವಸ್ಥೆ ಬೇಕು. ವರ್ಡ್‌ಪ್ರೆಸ್ ಆದರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸುವ ತಂತ್ರಾಂಶ) ಅಪ್‌ಡೇಟ್, ಬ್ಯಾಕಪ್ ಎಲ್ಲ ನನ್ನ ತಲೆ ಮೇಲೆ. ವೆಬ್‌ಫ್ಲೋ ಅಂದರೆ ಚಂದಾ ಕಟ್ಟಿ ಆನ್‌ಲೈನ್‌ನಲ್ಲೇ ಸೈಟ್ ಕಟ್ಟಿ ನಡೆಸುವ ಸೇವೆ, ಅದರಲ್ಲಿ ಆ ಕಾಟ ಇಲ್ಲ. ಆದರೆ ನಾಳೆ ಬೇರೆ ಕಡೆ ಹೋಗುತ್ತೇವೆ ಅಂದರೆ ಅವರ ಮಾಹಿತಿ ಅವರಿಗೆ ಸಿಗಬೇಕಲ್ವಾ? ನನಗೆ ಅದೇ ಮುಖ್ಯ.

ಉತ್ತರ (ಮಲ್ಲೇಶ್ವರಂ)
ಅರ್ಧ ಸಿಗುತ್ತೆ ಮೇಡಂ. ಕಲೆಕ್ಷನ್‌ಗಳನ್ನು, ಅಂದರೆ ಸಿಎಂಎಸ್‌ನಲ್ಲಿ ತುಂಬಿದ ಸುದ್ದಿಯಂಥ ವಿಷಯದ ಪಟ್ಟಿಗಳನ್ನು, ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯುವ ಕೋಷ್ಟಕ) ಇಳಿಸಿಕೊಳ್ಳಬಹುದು. ಕೋಡ್ ಎಕ್ಸ್‌ಪೋರ್ಟ್ ಮಾಡಿದರೆ ಎಚ್‌ಟಿಎಂಎಲ್, ಸಿಎಸ್‌ಎಸ್ (ಪುಟದ ರಚನೆ, ವಿನ್ಯಾಸದ ಕೋಡ್) ಬರುತ್ತೆ, ಸಿಎಂಎಸ್‌ನಲ್ಲಿದ್ದ ವಿಷಯ ಬರಲ್ಲ. ಸೈಟಿನ ಫಾರ್ಮೂ ವೆಬ್‌ಫ್ಲೋ ಹೊರಗಡೆ ಕೆಲಸ ಮಾಡಲ್ಲ. ಇದನ್ನು ಕೊಟೇಶನ್‌ನಲ್ಲೇ ಬರೆದುಬಿಡಿ. ಬಿಲ್ ಡಾಲರ್‌ನಲ್ಲಿ ಬರುತ್ತೆ, ಅದಕ್ಕೆ ಕ್ಲೈಂಟ್ ಕಾರ್ಡನ್ನೇ ಹಾಕಿಸಿ. ಆರ್‌ಬಿಐ ನಿಯಮದಂತೆ ಇಂಥ ಆಟೋ ಪಾವತಿ 15,000 ರೂಪಾಯಿ ದಾಟಿದರೆ ಪ್ರತಿ ಸಲ ಒಟಿಪಿ ಬೇಕು. ವರ್ಷದ ಪ್ಲಾನ್ ತಗೊಂಡು ಬಿಲ್ ಆ ಮಿತಿ ದಾಟಿದರೆ ನೆನಪಿಸುವುದು ನಿಮ್ಮ ಕೆಲಸವಾಗುತ್ತೆ.

ಉತ್ತರ (ವಿಜಯನಗರ)
ಕನ್ನಡದ ಬಗ್ಗೆ ಒಂದು ಮಾತು. ಶಾಲೆಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ. ಯೂನಿಕೋಡ್‌ನಲ್ಲೇ (ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತ) ಬರೆಯೋದನ್ನು ಮೊದಲು ಕಲಿಸಿ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಚೆನ್ನಾಗಿದೆ. ಸಾಲಿನ ಅಂತರ ಜಾಸ್ತಿ ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ.

ಬಸವನಗುಡಿ
ತುಂಬಾ ಥ್ಯಾಂಕ್ಸ್. ಶಾಲೆಗೆ ವೆಬ್‌ಫ್ಲೋ ಮಾಡುತ್ತೇನೆ. ಸೀರೆ ಅಂಗಡಿಯವರು ಆನ್‌ಲೈನ್ ಮಾರಾಟ ಬೇಕು ಅಂದರೆ ವರ್ಡ್‌ಪ್ರೆಸ್ಸೇ ಸರಿ, ನಿರ್ವಹಣೆಗೆ ತಿಂಗಳಿಗೆ ಇಷ್ಟು ಅಂತ ಬೇರೆ ಕೇಳುತ್ತೇನೆ.