ಮಲೇರಿಯಾ ಬಂದವರ ಕಿಡ್ನಿ ಯಾಕೆ ಸೋಲುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ ಫಾಲ್ಸಿಪಾರಮ್ ಅನ್ನುವ ಅಪಾಯಕಾರಿ ಬಗೆಯ ಮಲೇರಿಯಾ ಬಂತು. ಐದನೇ ದಿನ ಮೂತ್ರ ಕಡಿಮೆಯಾಯಿತು, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿನ ಕಸ) 4.8ಕ್ಕೆ ಏರಿತು. ಎರಡು ಸಲ ಡಯಾಲಿಸಿಸ್ ಮಾಡಿದ್ದಾರೆ. ರೋಗಾಣು ಕಿಡ್ನಿಯನ್ನೇ ತಿಂದುಬಿಟ್ಟಿದೆಯಾ? ಇನ್ನು ಜೀವನಪೂರ್ತಿ ಡಯಾಲಿಸಿಸ್ಸೇನಾ ಅಂತ ಅಮ್ಮ ಅಳುತ್ತಿದ್ದಾರೆ.

ಉತ್ತರ (ಕಿಡ್ನಿ ತಜ್ಞೆ): ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಮಲೇರಿಯಾದಲ್ಲಿ ಹೀಗೆ ಹಠಾತ್ತಾಗಿ ಸೋತ ಕಿಡ್ನಿ, ಕಾಯಿಲೆಯಿಂದ ಪಾರಾದ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಅದರ ಕೆಲಸವನ್ನು ಡಯಾಲಿಸಿಸ್ ಮಾಡಿಕೊಡುತ್ತದೆ, ಅಷ್ಟೇ.

ರೋಗಾಣು ಕಿಡ್ನಿಯನ್ನು ತಿನ್ನುವುದಿಲ್ಲ. ಅದು ಬೆಳೆಯುವುದು ಕೆಂಪು ರಕ್ತಕಣದ ಒಳಗೆ. ಸೋಂಕು ತಗುಲಿದ ಕಣ ಬಿರುಸಾಗುತ್ತದೆ, ಅಂಟಂಟಾಗುತ್ತದೆ. ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ದಾರಿ ಕಟ್ಟುತ್ತದೆ. ಇನ್ನೊಂದು ಕಡೆ ಕಣಗಳು ಒಡೆದು, ಹಿಮೋಗ್ಲೋಬಿನ್ ಹೊರಗೆ ಚೆಲ್ಲಿ ಕಿಡ್ನಿಯ ಸೂಕ್ಷ್ಮ ನಾಳಗಳಿಗೆ ಏಟು ಕೊಡುತ್ತದೆ. ಜ್ವರ, ವಾಂತಿಯಿಂದ ಮೈಯಲ್ಲಿ ನೀರೂ ಇರುವುದಿಲ್ಲ. ಎಲ್ಲಾ ಸೇರಿ ಕಿಡ್ನಿಗೆ ರಕ್ತ, ಆಮ್ಲಜನಕ ಸಾಲದೆ ಹೋಗುತ್ತದೆ. ಕ್ರಿಯಾಟಿನಿನ್ 3 ದಾಟಿದರೆ ಅದನ್ನು ತೀವ್ರ ಮಲೇರಿಯಾ ಎಂದೇ ಪರಿಗಣಿಸುತ್ತೇವೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬಾರದು.

ಒಂದು ಮಾತು ಕೇಳಲೇಬೇಕು: ಮೈಕೈ ನೋವಿಗೆ ಅಂತ ಏನಾದರೂ ಮಾತ್ರೆ ಕೊಟ್ಟಿದ್ದಿರಾ?

ಪ್ರಶ್ನೆ: ಹೌದು ಮೇಡಂ, ಮೂರು ದಿನ ಡೈಕ್ಲೋಫೆನಾಕ್ ನುಂಗಿದ್ದ. ತಪ್ಪಾಯ್ತಾ?

ಉತ್ತರ: ನಿಮ್ಮನ್ನು ದೂರುತ್ತಿಲ್ಲ, ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ಯಾವ ಜ್ವರ ಅಂತ ಗೊತ್ತಾಗುವ ಮೊದಲು ಅವು ಬೇಡವೇ ಬೇಡ. ಪ್ಯಾರಸಿಟಮಾಲ್ ಸಾಕು, ಅದೂ ಹೇಳಿದ ಪ್ರಮಾಣದಲ್ಲಿ.

ಇನ್ನೊಬ್ಬರ ಪ್ರಶ್ನೆ: ಹೊಟ್ಟೆಹುಳದಿಂದಲೂ ಹೀಗಾಗುತ್ತದಾ ಮೇಡಂ?

ಉತ್ತರ: ಸಾಮಾನ್ಯ ಜಂತುಹುಳದಿಂದ ಕಿಡ್ನಿ ಕೆಡುವುದು ತೀರಾ ಅಪರೂಪ. ಕಿಡ್ನಿಗೆ ನಿಜವಾಗಿ ಕಾಟ ಕೊಡುವ ಹುಳ ಶಿಸ್ಟೊಸೋಮಾ. ಆಫ್ರಿಕಾದಲ್ಲಿ ಜಾಸ್ತಿ. ಸಿಹಿನೀರಿನ ಬಸವನಹುಳುಗಳಿಂದ ಹೊರಬಂದ ಈ ಹುಳದ ಮರಿಗಳು, ನೀರಿಗೆ ಇಳಿದವರ ಚರ್ಮ ತೂರಿ ಒಳಸೇರುತ್ತವೆ. ಅದರಲ್ಲಿ ಒಂದು ಜಾತಿ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ನೆಲೆಸುತ್ತದೆ. ಹಾನಿ ಮಾಡುವುದು ಹುಳಕ್ಕಿಂತ ಅದರ ಮೊಟ್ಟೆ. ಮೊಟ್ಟೆ ಸಿಕ್ಕಿಕೊಂಡ ಜಾಗ ಊದಿ, ಗಾಯ ಗಟ್ಟಿಯಾಗಿ, ಮೂತ್ರನಾಳ ಕಿರಿದಾಗುತ್ತದೆ. ಮೂತ್ರ ಹಿಂದಕ್ಕೆ ಒತ್ತಿ ವರ್ಷಾನುಗಟ್ಟಲೆ ಕಿಡ್ನಿಯನ್ನು ಹಿಗ್ಗಿಸುತ್ತದೆ. ನೋವೇ ಇಲ್ಲದಿರಬಹುದು. ಮೂತ್ರದಲ್ಲಿ ರಕ್ತ ಕಂಡಾಗಲೇ ಪರೀಕ್ಷೆ ಮಾಡಿಸಿ ಪ್ರಾಜಿಕ್ವಾಂಟೆಲ್ ಮಾತ್ರೆ ತೆಗೆದುಕೊಂಡರೆ ಅಲ್ಲಿಗೇ ತಡೆಯಬಹುದು.

ಮೊದಲು ಕೇಳಿದವರು: ಮೇಡಂ, ನಿನ್ನೆಯಿಂದ ತಮ್ಮನಿಗೆ ದಿನಕ್ಕೆ ಮೂರೂವರೆ ಲೀಟರ್ ಮೂತ್ರ ಆಗುತ್ತಿದೆ. ಈಗ ಅದೇ ಭಯ.

ಉತ್ತರ: ಇದು ಒಳ್ಳೆಯ ಸುದ್ದಿ! ಕಿಡ್ನಿ ಎಚ್ಚರಗೊಳ್ಳುತ್ತಿದೆ. ಆದರೆ ನೀರು, ಲವಣ ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಎಷ್ಟು ಹೋಯಿತು, ಎಷ್ಟು ಕುಡಿದ ಅಂತ ಬರೆದಿಡಿ. ರಕ್ತದಲ್ಲಿನ ಪೊಟ್ಯಾಸಿಯಮ್ ಲವಣದ ಮಟ್ಟ ದಿನಾ ನೋಡುತ್ತಿದ್ದಾರಾ ಅಂತ ವಾರ್ಡಿನಲ್ಲಿ ಕೇಳಿ. ಮನೆಗೆ ಬಂದ ಮೇಲೆ, ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮರೆಯದೆ ಮಾಡಿಸಿ.