ಗುಲ್ಮದಲ್ಲಿ ಬಾವು, ಟಿಬಿ ನೆಗೆಟಿವ್, ಕಲ್ಚರ್‌ನಲ್ಲಿ ‘ಸ್ಯೂಡೊಮೊನಾಸ್’: ತಾಲ್ಲೂಕು ಆಸ್ಪತ್ರೆಯಲ್ಲೇ ಮೆಲಿಯಾಯ್ಡೋಸಿಸ್ ಹಿಡಿಯುವುದು ಹೇಗೆ?

ಕಡಲತಡಿ ವೈದ್ಯ

ಪ್ರಶ್ನೆ ಕರಾವಳಿಯ ತಾಲ್ಲೂಕು ಆಸ್ಪತ್ರೆಗಳ ಮಟ್ಟದ್ದು. ಮಳೆಗಾಲ ಶುರುವಾದ ಮೇಲೆ ಬರುವ ಈ ಮಾದರಿಯ ರೋಗಿ ನಿಮಗೂ ಗೊತ್ತಿರಬಹುದು. ವಯಸ್ಸು ಐವತ್ತರ ಆಸುಪಾಸು, ಗದ್ದೆ ಅಥವಾ ಕಟ್ಟಡದ ಕೆಲಸ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಎರಡು ಮೂರು ವಾರದಿಂದ ಚಳಿಜ್ವರ, ತೂಕ ಇಳಿದಿದೆ. ಮಲೇರಿಯಾ, ಡೆಂಗಿ ನೆಗೆಟಿವ್. ಇಲಿ ಜ್ವರ ಇರಬಹುದೆಂದು ಡಾಕ್ಸಿಸೈಕ್ಲಿನ್ ಜೊತೆ ಸೆಫ್ಟ್ರಿಯಾಕ್ಸೋನ್ ಕೊಟ್ಟಾಗಿದೆ. ಜ್ವರ ಕೊಂಚ ತಗ್ಗಿ ಮತ್ತೆ ಏರಿದೆ. ಸ್ಕ್ಯಾನ್ ಮಾಡಿದರೆ ಗುಲ್ಮದಲ್ಲಿ ಸಣ್ಣ ಸಣ್ಣ ಬಾವುಗಳು, ಲಿವರ್‌ನಲ್ಲಿ ಒಂದೆರಡು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು. ಕಫದ ಸಿಬಿನ್ಯಾಟ್ (ಟಿಬಿ ಪತ್ತೆಯ ಜೀನ್ ಪರೀಕ್ಷೆ) ನೆಗೆಟಿವ್. ಆದರೂ ‘ಟಿಬಿ ಮಾತ್ರೆ ಶುರು ಮಾಡಿ ನೋಡೋಣ’ ಎನ್ನುವಲ್ಲಿಗೆ ಕೇಸು ಬಂದು ನಿಲ್ಲುತ್ತದೆ.

ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಹೊರಗೆ ಕಳಿಸಿದರೆ ‘ಸ್ಯೂಡೊಮೊನಾಸ್ ಪ್ರಭೇದ’ ಎಂದೋ ‘ಹೊರಗಿನ ಸೋಂಕು ಸೇರಿರಬಹುದು, ಮತ್ತೆ ಕಳಿಸಿ’ ಎಂದೋ ವರದಿ ಬರುತ್ತದೆ. ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನಲ್ಲಿರುವ ಬರ್ಖೋಲ್ಡೇರಿಯಾ ಸ್ಯೂಡೊಮಾಲೈ ಬ್ಯಾಕ್ಟೀರಿಯಾದ ಸೋಂಕು) ಇರಬಹುದು ಎಂಬ ಗುಮಾನಿ ಬಂದಾಗ ಯಾವ ಮಾದರಿ, ಎಷ್ಟು, ಹೇಗೆ ಕಳಿಸಬೇಕು? ವರದಿ ಬರುವ ತನಕ ಏನು ಕೊಡಬೇಕು? ಮನೆಗೆ ಕಳಿಸಿದ ಮೇಲೆ ಮೂರು ತಿಂಗಳ ಮಾತ್ರೆಯನ್ನು ಹೇಗೆ ನಿಭಾಯಿಸಬೇಕು? ಪುಸ್ತಕದ ವ್ಯಾಖ್ಯಾನ ಬೇಡ, ಕೈಗೆ ಸಿಗುವ ಸಾಮಾನಿನಲ್ಲಿ ಆಗುವ ಕೆಲಸ ಹೇಳಿ.

ಜ್ವರದ ವಾರ್ಡ್

ಡಾಕ್ಟ್ರೇ, ನೀವು ಬರೆದ ಚಿತ್ರದಲ್ಲಿ ಗುಲ್ಮದ ಬಾವೇ ಮುಖ್ಯ ಸುಳಿವು. ಇಲಿ ಜ್ವರವಾಗಲಿ ಸ್ಕ್ರಬ್ ಟೈಫಸ್ ಆಗಲಿ ಬಾವು ಮಾಡುವುದಿಲ್ಲ. ಲಿವರ್‌ನಲ್ಲಿ ಒಂದೇ ದೊಡ್ಡ ಬಾವಿದ್ದರೆ ಅಮೀಬಾ, ಕ್ಲೆಬ್ಸಿಯೆಲ್ಲಾ ಎರಡೂ ಪೈಪೋಟಿಯಲ್ಲಿರುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಲಿವರ್ ಮತ್ತು ಗುಲ್ಮ ಎರಡರಲ್ಲೂ ಹಲವು ಸಣ್ಣ ಬಾವುಗಳಿದ್ದು, ಮಳೆಗಾಲದಲ್ಲಿ ಕೆಸರು ಮುಟ್ಟಿದ ಚರಿತ್ರೆಯೂ ಇದ್ದರೆ, ಬೇರೆ ಏನೋ ಎಂದು ಸಾಬೀತಾಗುವ ತನಕ ಮೆಲಿಯಾಯ್ಡೋಸಿಸ್ ಎಂದೇ ನಡೆದುಕೊಳ್ಳಿ.

ಇದು ನಮ್ಮ ಕಡೆಗೆ ಹೊಸದಾಗಿ ಬಂದ ರೋಗವೂ ಅಲ್ಲ. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ರಂಗೂನಿನಲ್ಲಿ ಇದನ್ನು ಗುರುತಿಸಿದ್ದು 1911ರಲ್ಲಿ. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಮಂದಿಗೆ ಇದು ತಗಲುತ್ತದೆ, 89,000 ಮಂದಿ ಸಾಯುತ್ತಾರೆ. ಅದರಲ್ಲಿ ದಕ್ಷಿಣ ಏಷ್ಯಾದ ಪಾಲೇ ದೊಡ್ಡದು. ಇಲ್ಲಿ ಅಪರೂಪವಾಗಿರುವುದು ರೋಗವಲ್ಲ, ಪತ್ತೆ.

ಚರಿತ್ರೆ ಕೇಳುವಾಗ ‘ಗದ್ದೆ ಕೆಲಸ ಮಾಡುತ್ತೀರಾ’ ಎಂದಷ್ಟೇ ಕೇಳಿದರೆ ಸಾಲದು. ಕಾಲಲ್ಲಿ ಬಿರುಕು, ಗಾಯ ಇತ್ತೇ, ತೋಟದ ಹೊಂಡಕ್ಕೆ ಇಳಿದಿದ್ದರೇ, ಕುದಿಸದ ಬಾವಿ ನೀರು ಕುಡಿಯುತ್ತಾರೆಯೇ, ಜೋರು ಗಾಳಿಮಳೆಗೆ ಸಿಕ್ಕಿದ್ದರೇ, ಎಲ್ಲ ಕೇಳಿ. ಚರ್ಮ, ಉಸಿರು, ನೀರು ಮೂರೂ ದಾರಿಯಿಂದ ಈ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಸಾಮಾನ್ಯವಾಗಿ 1ರಿಂದ 21 ದಿನದೊಳಗೆ ಲಕ್ಷಣ ಕಾಣುತ್ತದೆ, ಆದರೆ ವರ್ಷಗಟ್ಟಲೆ ಅಡಗಿದ್ದು ಏಳುವುದೂ ಉಂಟು. ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಕರಾವಳಿಯವರಿಗೆ ಅಲ್ಲಿ ಜ್ವರ ಬಂದರೆ ಊರಿನ ಮಳೆಗಾಲದ ಸುದ್ದಿಯನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯಲ್ಲದೆ ಕುಡಿತ, ಕಿಡ್ನಿ ತೊಂದರೆ, ಥಲಸ್ಸೇಮಿಯಾ, ಹೆಚ್ಚು ದಿನ ತಿಂದ ಸ್ಟೆರಾಯ್ಡ್ ಮಾತ್ರೆಗಳೂ ಅಪಾಯದ ಪಟ್ಟಿಯಲ್ಲಿವೆ.

ಟಿಬಿ ಬಗ್ಗೆ ಒಂದು ಎಚ್ಚರಿಕೆ. ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ತೆಗೆದ ಮಾದರಿಯಲ್ಲಿ ‘ಗ್ರ್ಯಾನುಲೋಮಾ’ (ಉರಿಯೂತದ ಕೋಶಗಳ ಸಣ್ಣ ಗುಂಪು) ಎಂದು ವರದಿ ಬಂದ ಕೂಡಲೇ ಟಿಬಿ ಖಚಿತವಾಗುವುದಿಲ್ಲ, ಮೆಲಿಯಾಯ್ಡೋಸಿಸ್ ಕೂಡ ಅದೇ ಚಿತ್ರ ಕೊಡಬಲ್ಲದು. ಅದೇ ಸೂಜಿಯ ಮಾದರಿಯಲ್ಲಿ ಒಂದು ಪಾಲನ್ನು ಸಾಮಾನ್ಯ ಬ್ಯಾಕ್ಟೀರಿಯಾ ಕಲ್ಚರ್‌ಗೂ ಕಳಿಸಬೇಕು. ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು, ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ.

ಪ್ಲೇಟ್ ಓದುವವಳು

ಮಾದರಿಯ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಅರ್ಧ ಕೇಸುಗಳು ಕೈತಪ್ಪುವುದು ಇಲ್ಲಿಯೇ.

ರಕ್ತ: ಆಂಟಿಬಯಾಟಿಕ್‌ಗೆ ಮೊದಲು, ಎರಡು ಬೇರೆ ಬೇರೆ ಕಡೆಯಿಂದ, ವಯಸ್ಕರಿಗೆ ಬಾಟಲಿಗೆ 8ರಿಂದ 10 ಮಿ.ಲೀ. ಎರಡು ಮಿ.ಲೀ ಹಾಕಿ ‘ಬೆಳವಣಿಗೆ ಇಲ್ಲ’ ಎಂದು ಬಂದರೆ ಅದು ಉತ್ತರವಲ್ಲ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಒಣಗುವ ತನಕ ಕಾಯಿರಿ. ರಕ್ತದ ಬಾಟಲಿಯನ್ನು ಯಾವ ಕಾರಣಕ್ಕೂ ಫ್ರಿಜ್‌ನಲ್ಲಿಡಬೇಡಿ.

ಕೀವು: ಹತ್ತಿಕಡ್ಡಿಯಲ್ಲಿ ಬೇಡ. ಸಿರಿಂಜಿನಲ್ಲಿ ಎಳೆದು ಸ್ಟೆರೈಲ್ ಡಬ್ಬಿಗೆ ಹಾಕಿ. ಕಫ ಮತ್ತು ಮೂತ್ರ ಎರಡನ್ನೂ, ಲಕ್ಷಣ ಇರಲಿ ಇಲ್ಲದಿರಲಿ, ಕಳಿಸಿ. ಗಂಟಲಿನ ಸ್ವ್ಯಾಬ್ ಮತ್ತು ಗುದದ ಸ್ವ್ಯಾಬ್ ಕೂಡ ತೆಗೆಯಿರಿ. ಕಫ ಬರದ ಮಕ್ಕಳಲ್ಲಿ ಗಂಟಲಿನದ್ದೇ ಎಷ್ಟೋ ಸಲ ಕೈ ಹಿಡಿಯುತ್ತದೆ. ಒಂದು ಸುತ್ತಿನ ಕಲ್ಚರ್ ಎಲ್ಲ ಸೇರಿ ಸುಮಾರು 60 ಶೇಕಡಾ ರೋಗಿಗಳನ್ನಷ್ಟೇ ಹಿಡಿಯುತ್ತದೆ. ನೆಗೆಟಿವ್ ಬಂದೂ ಗುಮಾನಿ ಉಳಿದಿದ್ದರೆ ಎಲ್ಲವನ್ನೂ ಮತ್ತೊಮ್ಮೆ ಕಳಿಸಿ.

ಇನ್ನು ಫಾರ್ಮ್. ‘ಜ್ವರ, ಕಲ್ಚರ್’ ಎಂದಷ್ಟೇ ಬರೆದು ಕಳಿಸಬೇಡಿ. ‘ಮೆಲಿಯಾಯ್ಡೋಸಿಸ್ ಶಂಕೆ’ ಎಂದು ದೊಡ್ಡದಾಗಿ ಬರೆಯಿರಿ, ಲ್ಯಾಬ್‌ಗೆ ಒಂದು ಫೋನ್ ಕೂಡ ಮಾಡಿ. ಎರಡು ಕಾರಣ. ಒಂದು, ಇದರ ಕಾಲೊನಿ (ಪ್ಲೇಟ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) 24 ಗಂಟೆಗೆ ಸಣ್ಣದಾಗಿ, ನಯವಾಗಿ, ಯಾವ ವಿಶೇಷವೂ ಇಲ್ಲದಂತಿರುತ್ತದೆ. ಒಣಗಿದ ಸುಕ್ಕುಸುಕ್ಕು ರೂಪ ಬರಲು 48ರಿಂದ 72 ಗಂಟೆ ಬೇಕು. ಯಾರೂ ಹೇಳದಿದ್ದರೆ ಎರಡನೇ ದಿನ ಪ್ಲೇಟ್ ಬಕೆಟ್ ಸೇರಿರುತ್ತದೆ. ಆಶ್‌ಡೌನ್ ಅಗರ್ (ಈ ಬ್ಯಾಕ್ಟೀರಿಯಾ ಬೆಳೆಸುವ ವಿಶೇಷ ಮಾಧ್ಯಮ) ಇರುವ ಲ್ಯಾಬ್‌ನಲ್ಲಿ ನಾಲ್ಕು ದಿನವಾದರೂ ಇಟ್ಟು ನೋಡಬೇಕು. ಎರಡನೆಯದು ಟೆಕ್ನಿಷಿಯನ್‌ನ ಸುರಕ್ಷತೆ. ಕಾಲೊನಿಯ ಮಣ್ಣುವಾಸನೆ ನೋಡಲು ಪ್ಲೇಟ್ ಮೂಗಿನ ಹತ್ತಿರ ಹಿಡಿಯುವ ಹಳೇ ಅಭ್ಯಾಸ ಇನ್ನೂ ಹೋಗಿಲ್ಲ. ಈ ಬ್ಯಾಕ್ಟೀರಿಯಾದ ಮಟ್ಟಿಗೆ ಅದು ಅಪಾಯ. ಗುಮಾನಿಯ ಪ್ಲೇಟನ್ನು ಸುರಕ್ಷತಾ ಕ್ಯಾಬಿನೆಟ್‌ನ ಒಳಗೇ ತೆರೆಯಬೇಕು.

‘ಸ್ಯೂಡೊಮೊನಾಸ್ ಪ್ರಭೇದ’ ಎಂಬ ವರದಿ ಕೈಗೆ ಬಂದರೆ ಅದನ್ನು ಹಾಗೇ ಒಪ್ಪಬೇಡಿ. ಯಾವ ದುಬಾರಿ ಯಂತ್ರವೂ ಇಲ್ಲದೆ ಮೂರು ಡಿಸ್ಕ್‌ಗಳಲ್ಲಿ (ಆಂಟಿಬಯಾಟಿಕ್ ಹೀರಿಸಿ ಪ್ಲೇಟ್ ಮೇಲಿಡುವ ಕಾಗದದ ಬಿಲ್ಲೆ) ಜರಡಿ ಹಿಡಿಯಬಹುದು: ಜೆಂಟಾಮೈಸಿನ್ 10 ಮೈಕ್ರೋಗ್ರಾಂ, ಕೊಲಿಸ್ಟಿನ್ 10 ಮೈಕ್ರೋಗ್ರಾಂ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ 30 ಮೈಕ್ರೋಗ್ರಾಂ. ಆಕ್ಸಿಡೇಸ್ ಪಾಸಿಟಿವ್ ಆದ ಗ್ರಾಂ ನೆಗೆಟಿವ್ ಕಡ್ಡಿ, ಮೊದಲೆರಡಕ್ಕೆ ಬಗ್ಗದೆ ಮೂರನೆಯದಕ್ಕೆ ಅಗಲವಾದ ವಲಯ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಬಿಟ್ಟರೆ, ಅದನ್ನು ಬರ್ಖೋಲ್ಡೇರಿಯಾ ಸ್ಯೂಡೊಮಾಲೈ ಎಂದೇ ಹಿಡಿದು ವಾರ್ಡ್‌ಗೆ ಫೋನ್ ಮಾಡಬೇಕು. ಮಾಮೂಲಿ ಸ್ಯೂಡೊಮೊನಾಸ್ ಏರುಜಿನೋಸಾ ಸರಿಯಾಗಿ ತಿರುಗಾಮುರುಗಾ: ಕೊಲಿಸ್ಟಿನ್‌ಗೆ ಬಗ್ಗುತ್ತದೆ, ಕ್ಲಾವುಲನೇಟ್ ಜೋಡಿಗೆ ಬಗ್ಗುವುದಿಲ್ಲ. ಮಲೇಷ್ಯಾದ ಸರವಾಕ್‌ನಲ್ಲಿ ಜೆಂಟಾಮೈಸಿನ್‌ಗೆ ಬಗ್ಗುವ ತಳಿಗಳಿವೆ, ಆದ್ದರಿಂದ ಒಂದೇ ಡಿಸ್ಕ್ ನಂಬಿ ಕೂರಬೇಡಿ.

ಯಂತ್ರವಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಸ್ವಯಂಚಾಲಿತ ಯಂತ್ರಗಳು ಇದನ್ನು ಬರ್ಖೋಲ್ಡೇರಿಯಾ ಸೆಪೇಸಿಯಾ ಎಂದು ಕರೆದದ್ದಿದೆ. ಹಳೆಯ ದತ್ತಾಂಶವಿರುವ ಮಾಲ್ಡಿ ಯಂತ್ರ (ಪ್ರೋಟೀನ್ ಗುರುತಿನಿಂದ ಬ್ಯಾಕ್ಟೀರಿಯಾ ಹೆಸರಿಸುವ ಯಂತ್ರ) ಬರ್ಖೋಲ್ಡೇರಿಯಾ ಥಾಯ್ಲಂಡೆನ್ಸಿಸ್ ಎನ್ನುತ್ತದೆ. ಸಮುದಾಯದಿಂದ ಬಂದ ರೋಗಿಯ ರಕ್ತದಲ್ಲಿ ‘ಸೆಪೇಸಿಯಾ’ ಎಂದು ಬಂದರೆ ನಾನಂತೂ ಮೂರು ಡಿಸ್ಕ್ ಹಾಕದೆ ಸಹಿ ಮಾಡುವುದಿಲ್ಲ. ತಳಿಯನ್ನು ಖಚಿತಪಡಿಸಲು ಮಣಿಪಾಲದಂಥ, ಈ ರೋಗದ ಅಧ್ಯಯನ ನಡೆದಿರುವ ಕೇಂದ್ರಕ್ಕೆ ಮೊದಲೇ ತಿಳಿಸಿ ಕಳಿಸಬಹುದು.

ರಕ್ತದ ಆಂಟಿಬಾಡಿ ಪರೀಕ್ಷೆಯ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಇರುವ ಊರುಗಳಲ್ಲಿ ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ, ರೋಗ ತೀವ್ರವಾದವರಲ್ಲಿ ನೆಗೆಟಿವ್ ಬರುವುದೂ ಇದೆ. ದುಡ್ಡನ್ನು ಎರಡನೇ ಕಲ್ಚರ್‌ಗೆ ಹಾಕಿ.

ಕಡಲತಡಿ ವೈದ್ಯ

ಮೇಡಂ, ತುಂಬ ಉಪಯೋಗವಾಯಿತು. ಫಾರ್ಮ್ ಮೇಲಿನ ಬರಹದ ವಿಷಯ ನಾಳೆಯೇ ವಾರ್ಡ್‌ನಲ್ಲಿ ಜಾರಿಗೆ ಬರುತ್ತದೆ. ಔಷಧದ ಪ್ರಶ್ನೆ ಉಳಿದಿದೆ. ಸೆಫ್ಟಾಜಿಡೈಮ್ ನಮ್ಮಲ್ಲಿ ಸದಾ ಇರುವುದಿಲ್ಲ, ಮೆರೋಪೆನೆಮ್ ಕೆಲವೇ ವಯಲ್. ಜ್ವರ ನಾಲ್ಕೈದು ದಿನಕ್ಕೆ ಇಳಿಯದಿದ್ದರೆ ರೋಗಿಯ ಮನೆಯವರು ‘ಬೇರೆ ಕಡೆ ಕರ್ಕೊಂಡು ಹೋಗ್ತೇವೆ’ ಎಂದು ಹೊರಡುತ್ತಾರೆ.

ಜ್ವರದ ವಾರ್ಡ್

ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ: ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಸರಾಸರಿ 9 ದಿನ ಹಿಡಿಯುತ್ತದೆ. ಬಾವು ದೊಡ್ಡದಿದ್ದರೆ ಇನ್ನೂ ಹೆಚ್ಚು. ರಕ್ತದೊತ್ತಡ, ಉಸಿರು, ಮೂತ್ರದ ಪ್ರಮಾಣ ಸುಧಾರಿಸುತ್ತಿದ್ದರೆ ಬರೀ ಜ್ವರ ನೋಡಿ ಔಷಧ ಬದಲಿಸಬೇಡಿ.

ಸೆಫ್ಟ್ರಿಯಾಕ್ಸೋನ್ ಇಲ್ಲಿನ ಮೋಸಗಾರ. ಡಿಸ್ಕ್‌ನಲ್ಲಿ ‘ಬಗ್ಗುತ್ತದೆ’ ಎಂದು ಬಂದರೂ ರೋಗಿಯಲ್ಲಿ ಫಲಿತಾಂಶ ಕಳಪೆ. ಜೆಂಟಾಮೈಸಿನ್, ಆಂಪಿಸಿಲಿನ್ ಉಪಯೋಗಕ್ಕೆ ಬರುವುದಿಲ್ಲ. ಥಾಯ್ಲೆಂಡಿನ ಉಬೋನ್‌ನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಫ್ಟಾಜಿಡೈಮ್ ತೀವ್ರ ರೋಗದ ಸಾವನ್ನು 74 ಶೇಕಡಾದಿಂದ 37ಕ್ಕೆ ಇಳಿಸಿತು. ಅಲ್ಲಿಂದೀಚೆ ಅದೇ ಆಧಾರ.

ವಯಸ್ಕರಿಗೆ ಸೆಫ್ಟಾಜಿಡೈಮ್ 2 ಗ್ರಾಂ, 6ರಿಂದ 8 ಗಂಟೆಗೊಮ್ಮೆ. ಬಿಪಿ ಕುಸಿದಿದ್ದರೆ ಅಥವಾ ವೆಂಟಿಲೇಟರ್ ಹಂತದಲ್ಲಿದ್ದರೆ ಮೆರೋಪೆನೆಮ್ 1 ಗ್ರಾಂ 8 ಗಂಟೆಗೊಮ್ಮೆ, ಮಿದುಳಿಗೆ ತಗಲಿದ್ದರೆ 2 ಗ್ರಾಂ. ಕಿಡ್ನಿ ಸರಿಯಿಲ್ಲದಿದ್ದರೂ ಮೊದಲ ಡೋಸ್ ಪೂರ್ತಿ ಕೊಡಿ, ಇಳಿಸುವುದು ಆಮೇಲೆ. ಎರಡೂ ಇಲ್ಲದಿದ್ದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇಂಜೆಕ್ಷನ್ 1.2 ಗ್ರಾಂ, 4 ಗಂಟೆಗೊಮ್ಮೆ. ದಿನಕ್ಕೆ ಮೂರು ಸಲ ಕೊಟ್ಟರೆ ಸಾಲದು. ಇದು ಸೆಫ್ಟಾಜಿಡೈಮ್ ಸಿಗುವ ತನಕದ ಏರ್ಪಾಡು ಮಾತ್ರ. ಆಂಬ್ಯುಲೆನ್ಸ್ ಹತ್ತಿಸುವ ಮುಂಚೆ ರಕ್ತ ತೆಗೆದು ಮೊದಲ ಡೋಸ್ ಹಾಕಿ ಕಳಿಸಿ.

ಕಡಿಮೆಯೆಂದರೆ 10ರಿಂದ 14 ದಿನ ಇಂಜೆಕ್ಷನ್. ಒಳಗೆ ಬಾವುಗಳಿದ್ದರೆ 4 ವಾರ, ಮೂಳೆಗೆ 6, ಮಿದುಳಿಗೆ 8. ದೊಡ್ಡ ಬಾವಿನ ಕೀವು ತೆಗೆದರೆ ಆ ದಿನದಿಂದ ಎಣಿಕೆ ಮತ್ತೆ ಶುರು.

ಔಷಧ ಕಪಾಟು

ಫಾರ್ಮಸಿ ಕಡೆಯಿಂದ ಕೆಲವು ಮಾತು. ಸೆಫ್ಟಾಜಿಡೈಮ್ ಪುಡಿಗೆ ನೀರು ಹಾಕಿದಾಗ ಅನಿಲ ಹುಟ್ಟಿ ವಯಲ್‌ನೊಳಗೆ ಒತ್ತಡ ಏರುತ್ತದೆ. ಕರಗಿದ ಮೇಲೆ ಸೂಜಿ ಚುಚ್ಚಿ ಗಾಳಿ ಬಿಡಿ, ಇಲ್ಲದಿದ್ದರೆ ಔಷಧ ಚಿಮ್ಮಿ ಡೋಸ್ ಕಡಿಮೆಯಾಗುತ್ತದೆ. ವಾರ್ಡ್ ಸಿಸ್ಟರ್‌ಗಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು.

ಮಾತ್ರೆಯ ಹಂತದಲ್ಲಿ ಕೋಟ್ರಿಮಾಕ್ಸಜೋಲ್ ಡಿಎಸ್, ಅಂದರೆ 160/800 ಮಿ.ಗ್ರಾಂ. ತೂಕ 60 ಕೆ.ಜಿ ಮೀರಿದರೆ ಬೆಳಿಗ್ಗೆ 2, ರಾತ್ರಿ 2. 40ರಿಂದ 60ರ ನಡುವೆ ಒಂದೂವರೆ, ಒಂದೂವರೆ. 40ಕ್ಕಿಂತ ಕಡಿಮೆಯ ವಯಸ್ಕರಿಗೆ ಒಂದು, ಒಂದು. ಮಾಮೂಲಿ ಸೋಂಕಿನ ಅಭ್ಯಾಸದಲ್ಲಿ ಅಂಗಡಿಯವರು ‘ಎರಡು ಹೊತ್ತು ಒಂದೊಂದು’ ಎಂದು ಚೀಟಿ ತಿದ್ದುವುದುಂಟು. ಅದಕ್ಕೇ ಚೀಟಿಯಲ್ಲಿ ರೋಗಿಯ ತೂಕವನ್ನೂ ‘ಡೋಸ್ ಬದಲಿಸಬೇಡಿ’ ಎಂಬುದನ್ನೂ ಬರೆಯಿರಿ. ಅವಧಿ 3 ತಿಂಗಳು; ಮೂಳೆ, ಮಿದುಳಿಗೆ 6. ಡಾಕ್ಸಿಸೈಕ್ಲಿನ್ ಜೊತೆಗೆ ಬೇಕಿಲ್ಲ. ಅದನ್ನು ಸೇರಿಸಿದರೆ ಹೆಚ್ಚು ಲಾಭವಿಲ್ಲ ಎಂದು 2014ರಲ್ಲಿ ಪ್ರಕಟವಾದ ಥಾಯ್ ಪ್ರಯೋಗ ತೋರಿಸಿತು. ಜೊತೆಗೆ ದಿನಕ್ಕೊಂದು ಫೋಲಿಕ್ ಆಸಿಡ್ 5 ಮಿ.ಗ್ರಾಂ.

ಸಕ್ಕರೆ ಕಾಯಿಲೆಯವರಲ್ಲಿ ಎರಡು ಕಡೆ ಎಡವುತ್ತೇವೆ. ಎನಾಲಪ್ರಿಲ್, ಟೆಲ್ಮಿಸಾರ್ಟನ್ ತಿನ್ನುತ್ತಿರುವವರಿಗೆ ಈ ಡೋಸ್‌ನಲ್ಲಿ ಪೊಟ್ಯಾಸಿಯಂ ಏರುತ್ತದೆ. ಗ್ಲಿಮೆಪಿರೈಡ್ ತಿನ್ನುವವರಿಗೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣ ನೋಡಿ. ಕ್ರಿಯಾಟಿನಿನ್ ಮೊದಲ ವಾರ ತುಸು ಏರಿದರೆ ಗಾಬರಿ ಬೇಡ, ಟ್ರೈಮೆಥೋಪ್ರಿಮ್ ಕಿಡ್ನಿಗೆ ಹಾನಿ ಮಾಡದೆಯೂ ಅಂಕಿಯನ್ನು ಮೇಲೆತ್ತುತ್ತದೆ. ಏರುತ್ತಲೇ ಹೋದರೆ ಮಾತ್ರ ಯೋಚಿಸಿ. ಚರ್ಮದಲ್ಲಿ ಗುಳ್ಳೆ, ಬಾಯಿಹುಣ್ಣು ಬಂದರೆ ಆ ಕ್ಷಣವೇ ನಿಲ್ಲಿಸಿ ಬರಲು ಹೇಳಿರಬೇಕು. ಶುರು ಮಾಡುವ ಮುಂಚೆ ಜಿ6ಪಿಡಿ (ಕೆಂಪು ರಕ್ತಕಣ ಒಡೆಯದಂತೆ ಕಾಯುವ ಕಿಣ್ವ) ಪರೀಕ್ಷೆ ಸಿಕ್ಕಿದರೆ ಮಾಡಿಸಿ.

ಸಲ್ಫಾ ಒಗ್ಗದವರಿಗೂ ಗರ್ಭಿಣಿಯರಿಗೂ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625ರ ಮಾತ್ರೆ ಎರಡೆರಡು, 8 ಗಂಟೆಗೊಮ್ಮೆ, 60 ಕೆ.ಜಿ ಮೀರಿದರೆ ಮೂರು ಮೂರು. ‘1 ಗ್ರಾಂ ಮಾತ್ರೆ ಒಂದೇ ಸಾಕಲ್ಲ’ ಎನ್ನಬೇಡಿ, ಅದರಲ್ಲಿ ಕ್ಲಾವುಲನೇಟ್ 125 ಮಿ.ಗ್ರಾಂ ಅಷ್ಟೇ ಇರುತ್ತದೆ.

ಪ್ಲೇಟ್ ಓದುವವಳು

ಒಂದು ಸೇರ್ಪಡೆ. ಕೋಟ್ರಿಮಾಕ್ಸಜೋಲ್‌ಗೆ ‘ಬಗ್ಗುವುದಿಲ್ಲ’ ಎಂದು ಡಿಸ್ಕ್ ವರದಿ ಬಂದರೆ ತಕ್ಷಣ ಔಷಧ ಬದಲಿಸಬೇಡಿ. ವಲಯದೊಳಗೆ ಮಸುಕಾದ ಬೆಳವಣಿಗೆ ಇರುವುದು ಸಹಜ. ಅದನ್ನು ಬಿಟ್ಟು ಹೊರ ಅಂಚನ್ನು ಓದಬೇಕು. ಇ-ಟೆಸ್ಟ್ ಪಟ್ಟಿಯಲ್ಲಿ (ಬ್ಯಾಕ್ಟೀರಿಯಾ ತಡೆಯಲು ಎಷ್ಟು ಔಷಧ ಬೇಕೆಂದು ಅಳೆಯುವುದು) ಮತ್ತೊಮ್ಮೆ ನೋಡಿ ಎಂದು ಕೇಳಿ. ನಿಜವಾದ ಪ್ರತಿರೋಧ ಕಡಿಮೆ.

‘ಗದ್ದೆಗೆ ಇಳಿಯದವರಿಗೆ ಬರುವುದಿಲ್ಲ’ ಎಂಬ ಮಾತಿಗೂ ಒಂದು ಉತ್ತರ: 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಹೊರದೇಶಕ್ಕೆ ಹೋಗದ ನಾಲ್ವರಿಗೆ ಇದು ಬಂತು, ಇಬ್ಬರು ತೀರಿಕೊಂಡರು. ಮೂಲ ಸಿಕ್ಕಿದ್ದು ಭಾರತದಲ್ಲಿ ತಯಾರಾದ ಕೋಣೆಯ ಸುವಾಸನೆಯ ಸ್ಪ್ರೇಯಲ್ಲಿ.

ಕಡಲತಡಿ ವೈದ್ಯ

ಕೊನೆಯ ಪ್ರಶ್ನೆ. ಗುಲ್ಮದ ಬಾವಿಗೆ ಸೂಜಿ ಹಾಕಬೇಕೇ? ವಾರ್ಡ್‌ನಲ್ಲಿ ಬೇರೆ ಇಡಬೇಕೇ?

ಜ್ವರದ ವಾರ್ಡ್

ಹಲವು ಸಣ್ಣ ಬಾವುಗಳಿಗೆ ಸೂಜಿ ಬೇಡ, ಔಷಧಕ್ಕೇ ಕರಗುತ್ತವೆ. ಗುಲ್ಮಕ್ಕೆ ಚುಚ್ಚಿದರೆ ರಕ್ತಸ್ರಾವದ ಭಯವೂ ಇದೆ. ಲಿವರ್‌ನ ಒಂಟಿ ದೊಡ್ಡ ಬಾವು, ಕೀಲಿನ ಕೀವು, ಪ್ರಾಸ್ಟೇಟ್ ಬಾವು ಇವನ್ನು ತೆಗೆಯಲೇಬೇಕು. ಗಂಡಸರಿಗೆ ಮೂತ್ರ ಕಟ್ಟಿದ ದೂರು ಇರಲಿ ಬಿಡಲಿ, ಸ್ಕ್ಯಾನ್ ಮಾಡುವಾಗ ಪ್ರಾಸ್ಟೇಟ್ ಕೂಡ ನೋಡಿ ಎಂದು ಚೀಟಿಯಲ್ಲಿ ಬರೆಯಿರಿ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ, ಮಾಮೂಲಿ ಎಚ್ಚರ ಸಾಕು, ಬೇರೆ ಕೋಣೆ ಬೇಕಿಲ್ಲ. ಆದರೆ ಲ್ಯಾಬ್‌ನಲ್ಲಿ ಯಾರಾದರೂ ಕ್ಯಾಬಿನೆಟ್‌ನ ಹೊರಗೆ ಪ್ಲೇಟ್ ತೆರೆದು ಮೂಸಿದ್ದರೆ ಅವರಿಗೆ 21 ದಿನ ಕೋಟ್ರಿಮಾಕ್ಸಜೋಲ್, ಜೊತೆಗೆ ದಿನಕ್ಕೆರಡು ಸಲ ಜ್ವರ ನೋಡುವುದು.