ಸಹಾಯ ಬೇಕು: ಚಾಲಕರ ಸಮೀಕ್ಷೆಯ ಪ್ರಶ್ನೆಗಳನ್ನು ಓದಿ ತಿದ್ದುವಿರಾ?

ಎಲ್ಲರಿಗೂ ನಮಸ್ಕಾರ. ಚಾಲಕರು ಸಂಚಾರ ನಿಯಮ ಪಾಲಿಸುವುದು ಏಕೆ, ಮನಸ್ಸು ಕುಗ್ಗಿದಾಗ ಆ ಪಾಲನೆ ಸಡಿಲವಾಗುತ್ತದೆಯೇ ಎಂಬುದರ ಬಗ್ಗೆ ಸಮೀಕ್ಷೆ ನಡೆಸಲು ಹೊರಟಿದ್ದೇನೆ. ಪ್ರಶ್ನಾವಳಿಯ ಕರಡು ಸಿದ್ಧವಾಗಿದೆ. ಓದಿ ತಪ್ಪು ತೋರಿಸುವವರು ಬೇಕು.

ನಡುರಾತ್ರಿ, ಖಾಲಿ ರಸ್ತೆ, ಕೆಂಪು ದೀಪ. ಪೊಲೀಸರಿಲ್ಲ, ಕ್ಯಾಮೆರಾ ಇಲ್ಲ. ಆದರೂ ಒಬ್ಬರು ಬ್ರೇಕ್ ಒತ್ತಿ ಕಾಯುತ್ತಾರೆ. ದಂಡದ ಭಯವೊಂದೇ ಇದಕ್ಕೆ ಕಾರಣವಾಗಿರಲಾರದು. ಕಾನೂನು ಜಾರಿ ಮಾಡುವವರು ನ್ಯಾಯವಾಗಿ ನಡೆದುಕೊಳ್ಳುತ್ತಾರೆಂದು ನಂಬಿದವರು ತಾವಾಗಿಯೇ ಅದಕ್ಕೆ ಬದ್ಧರಾಗುತ್ತಾರೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಟಾಮ್ ಟೈಲರ್ 1990ರಲ್ಲಿ ವಾದಿಸಿದರು. ನನ್ನ ಅರ್ಧ ಪ್ರಶ್ನೆಗಳು ಆ ಮಾತಿನ ಬೆನ್ನು ಹಿಡಿದು ಬಂದವು.

ಉಳಿದರ್ಧ ಕೆಸ್ಲರ್ ಅವರ ಮಾನಸಿಕ ಯಾತನೆಯ ಮಾಪಕ: ಕಳೆದ 4 ವಾರಗಳ ಬಗ್ಗೆ 10 ಪ್ರಶ್ನೆಗಳು, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 10ರಿಂದ 50; ಅಂಕ ಹೆಚ್ಚಿದಷ್ಟೂ ಯಾತನೆ ಹೆಚ್ಚು. ತೊಡಕಿರುವುದು ಇಲ್ಲಿಯೇ. ಒಂದು ಪ್ರಶ್ನೆಯನ್ನು ‘ಎಲ್ಲ ಕೆಲಸವೂ ಭಾರವೆನಿಸಿತೇ?’ ಎಂದು ಅನುವಾದಿಸಿದ್ದೇನೆ. ದಿನವಿಡೀ ಲಾರಿ ಓಡಿಸಿ ಬಂದವರಿಗೆ ಅದು ಮೈದಣಿವಿನ ಪ್ರಶ್ನೆಯಂತೆಯೇ ಕೇಳಿಸೀತು. ಬೇರೆ ಮಾತು ತೋಚಿದರೆ ದಯವಿಟ್ಟು ಹೇಳಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು. ನಿಯಮ ಮುರಿದದ್ದನ್ನು ಹೆಸರು ಹೇಳಿ ಒಪ್ಪಿಕೊಳ್ಳುವವರು ಕಡಿಮೆ, ಆದ್ದರಿಂದ ಹೆಸರನ್ನಾಗಲಿ ವಾಹನದ ಸಂಖ್ಯೆಯನ್ನಾಗಲಿ ಕೇಳುತ್ತಿಲ್ಲ. ಆದರೆ ಯಾರಾದರೂ 45 ಅಂಕ ತಲುಪಿದರೆ ಅವರನ್ನು ಹುಡುಕುವ ದಾರಿಯೂ ನನಗಿರುವುದಿಲ್ಲ. ಕೊನೆಯ ಪುಟದಲ್ಲಿ ಎಲ್ಲರಿಗೂ ಸಹಾಯವಾಣಿಯ ವಿವರ ಕೊಡುತ್ತೇನೆ. ಅಷ್ಟು ಸಾಕೇ?

ಮನಃಶಾಸ್ತ್ರ ಬಲ್ಲವರೂ ಬೇಕು, ದಿನವೂ ವಾಹನ ಓಡಿಸುವವರೂ ಬೇಕು. ಬಿಡುವಿದ್ದವರು ಇಲ್ಲಿಯೇ ತಿಳಿಸಿ, ಕರಡು ಕಳುಹಿಸುತ್ತೇನೆ.